ಅತ್ತಿ ಚಕ್ಕೆ ಯಾವುದಕ್ಕೆ, ಯಾವುದಕ್ಕಲ್ಲ

ಸರ್ಕಾರಿ ಆಯುರ್ವೇದ ಚಿಕಿತ್ಸಾಲಯದಲ್ಲಿ ಔಷಧ ಕೊಡುವ ಕಿಟಕಿಗೆ ಬಂದವರು ಎರಡು ಪ್ರಶ್ನೆ ಕೇಳುತ್ತಾರೆ. ಇದನ್ನು ಹೆಂಗೆ ತಗಳದು? ಇದರಿಂದ ವಾಸಿ ಆಗ್ತೈತಾ? ಮೊದಲನೆಯದಕ್ಕೆ ಉತ್ತರವನ್ನು ತರಬೇತಿಯಲ್ಲಿ ಕಲಿಸುತ್ತಾರೆ. ಎರಡನೆಯದಕ್ಕೆ ಯಾರೂ ಕಲಿಸುವುದಿಲ್ಲ. ಡಾಕ್ಟರನ್ನು ಕೇಳಿ ಎಂದು ಹೇಳಿ ಮುಂದಿನವರನ್ನು ಕರೆಯುವುದು ವಾಡಿಕೆ. ಆದರೆ ಜನ ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ಕಿಟಕಿಗೇ ಬಂದು, ಹಿಂದೆ ನಿಂತವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳುತ್ತಾರೆ.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಮೊದಲು ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ, ಆಮೇಲೆ ಹೊಳಲ್ಕೆರೆಯಲ್ಲಿ, ಕೊನೆಗೆ ಹೊಸದುರ್ಗದಲ್ಲಿ ಆ ಕಿಟಕಿಯ ಒಳಗೆ ಕೂತವನು. ಹುದ್ದೆಯ ಹೆಸರು ಮೂರು ನಾಲ್ಕು ಸಲ ಬದಲಾಯಿತು. ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಕಾಂಪೌಂಡರಾಗಿಯೇ ಇದ್ದೆ.

ನನ್ನ ಹೆಂಡತಿ ರುದ್ರಮ್ಮ ಹೋದ ವರ್ಷ ಯುಗಾದಿಗೆ ಮುಂಚೆ ತೀರಿಕೊಂಡಳು. ಕಾಯಿಲೆಯಲ್ಲಿದ್ದಾಗ ಆ ಎರಡನೆಯ ಪ್ರಶ್ನೆಯನ್ನು ನನಗೇ ಕೇಳಿದಳು. ಏನು ಹೇಳಿದೆ, ಹೇಳಿದ್ದರಿಂದ ಏನಾಯಿತು ಎಂದು ತಿಳಿಸಬೇಕಾದರೆ ಅತ್ತಿ ಮರದಿಂದ ಶುರು ಮಾಡಬೇಕು. ನಾನು ತಿಳಿದುಕೊಂಡ ಔಷಧಗಳಲ್ಲಿ ಸ್ವಲ್ಪ ಸರಿಯಾಗಿ ತಿಳಿದುಕೊಂಡದ್ದು ಅದೊಂದನ್ನೇ.

ಧರ್ಮಪುರದಲ್ಲಿ ನನ್ನ ಮೊದಲ ಮೇಲಧಿಕಾರಿ ಶಾರದಾ ಮೇಡಂ, ಅಲ್ಲಿಯ ಡಾಕ್ಟರು. ಕುಳ್ಳಗಿದ್ದರು, ಬೇಗ ಬೇಗ ನಡೆಯುತ್ತಿದ್ದರು, ಮಾತು ಕಡಿಮೆ. ಕೆಲಸಕ್ಕೆ ಸೇರಿದ ವಾರವೇ ನನ್ನನ್ನು ಕರೆದು, ಕಪಾಟಿನಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅತ್ತಿ ಚಕ್ಕೆಯ ಪುಡಿ. ಇದು ಯಾವುದಕ್ಕೆ ಎಂದು ಕೇಳಿದರು. ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ: ಗಾಯ ತೊಳೆಯಲು, ಬಾಯಿ ಹುಣ್ಣಿಗೆ ಮುಕ್ಕಳಿಸಲು, ಭೇದಿಗೆ, ಮೂಲವ್ಯಾಧಿಯಲ್ಲಿ ರಕ್ತ ಬೀಳುವುದಕ್ಕೆ. ಅವರು ತಲೆಯಾಡಿಸಿ, "ಸರಿ. ಯಾವುದಕ್ಕಲ್ಲ?" ಎಂದರು.

ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಅದು ಬರೆದಿರುವುದಿಲ್ಲ. ಅವತ್ತಿನಿಂದ ಪ್ರತಿ ಡಬ್ಬಿಗೂ ಅವರು ಅದೇ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಬರದಿದ್ದರೆ ಬೈಯುತ್ತಿರಲಿಲ್ಲ, ಡಬ್ಬಿಯನ್ನು ನನ್ನ ಕಡೆ ತಳ್ಳಿ ಎದ್ದು ಹೋಗುತ್ತಿದ್ದರು. ಬೈದಿದ್ದರೆ ವಾಸಿ ಅನ್ನಿಸುತ್ತಿತ್ತು.

ಆಗೆಲ್ಲ ಜಿಲ್ಲೆಯ ಉಗ್ರಾಣದಿಂದ ಔಷಧ ಸರಿಯಾಗಿ ಬರುತ್ತಿರಲಿಲ್ಲ. ಬಂದದ್ದು ಬೇಗ ಮುಗಿಯುತ್ತಿತ್ತು. ಹಳ್ಳದ ದಂಡೆಯಲ್ಲಿ ಎರಡು ಅತ್ತಿ ಮರ ಇದ್ದವು. ಪಕ್ಕದ ಹೊಲದ ಓಬಜ್ಜ ಎನ್ನುವವರು ಚಕ್ಕೆ ತಂದುಕೊಡುತ್ತಿದ್ದರು. ಕೇಳಿದ ಕೂಡಲೇ ತರುತ್ತಿರಲಿಲ್ಲ. ಹಿಂದಿನ ದಿನ ಸಂಜೆ ಮರದ ಹತ್ತಿರ ಹೋಗಿ, ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ನಾಳೆ ಬರ್ತೀನಿ, ಇಂಥವರಿಗೆ, ಇಂಥ ಕಾಯಿಲೆಗೆ, ಇಷ್ಟು ತಗಳ್ತೀನಿ ಎಂದು ಹೇಳಿ ಬರಬೇಕು. ಬೆಳಗ್ಗೆ ಹೋಗಿ ಹೇಳಿದಷ್ಟೇ ಕೀಳಬೇಕು. ಒಬ್ಬರ ಹೆಸರು ಹೇಳಿ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಒಂದು ಕಾಯಿಲೆ ಹೇಳಿ ಇನ್ನೊಂದಕ್ಕೆ ಬಳಸುವ ಹಾಗೂ ಇಲ್ಲ.

ಇದು ಆ ಕಡೆ ಬಹಳ ಮನೆಗಳಲ್ಲಿದ್ದ ಪದ್ಧತಿ. ನನಗೆ ನಗು ಬಂದಿತ್ತು. ಮೇಡಂ ಹತ್ತಿರ ಹೇಳಿದೆ. ಅವರು ನಗಲಿಲ್ಲ. ಹಿಂದೆ ತಾವಿದ್ದ ಊರಿನಲ್ಲಿ ಚಕ್ಕೆ ಕೀಳುವವನೊಬ್ಬ ಕಾಂಡದ ಸುತ್ತಲೂ ಸುಲಿದು ಮರವನ್ನೇ ಒಣಗಿಸಿದನೆಂದೂ, ಯಾವುದಕ್ಕೆ ಎಂದು ಮೊದಲೇ ಬಾಯಿಬಿಟ್ಟು ಹೇಳುವವನು ಎಷ್ಟು ಬೇಕು ಎನ್ನುವುದನ್ನೂ ಲೆಕ್ಕ ಹಾಕಿರುತ್ತಾನೆಂದೂ ಹೇಳಿದರು. ಆಮೇಲೆ ನಾನೂ ಓಬಜ್ಜನ ಜೊತೆ ಹೋಗತೊಡಗಿದೆ. ಮೊದಮೊದಲು ನಾಚಿಕೆ. ಮರದ ಮುಂದೆ ನಿಂತು ಬೇರೆಯವರ ಭೇದಿಯ ವಿಷಯ ಹೇಳುವುದು ಅಷ್ಟು ಸುಲಭವಲ್ಲ.

ಅಲ್ಲಿದ್ದಾಗಲೇ ನನಗೆ ಮದುವೆಯಾಯಿತು. ರುದ್ರಮ್ಮ ಅಲ್ಲೇ ಹತ್ತಿರದ ಹಳ್ಳಿಯವಳು, ಶೇಂಗಾ ಬೆಳೆಯುವ ಮನೆಯವಳು. ಅವಳಿಗೆ ಯಾವುದನ್ನೂ ಸುಮ್ಮನೆ ಬಿಡುವ ಸ್ವಭಾವವಿರಲಿಲ್ಲ. ಸಂಜೆ ನಾನು ಮನೆಗೆ ಬಂದರೆ ಅಂಗಿ ಮೂಸಿ, ಇವತ್ತು ಏನು ಕುಟ್ಟಿದ್ದೀರಿ ಎಂದು ಹೇಳಿಬಿಡುತ್ತಿದ್ದಳು. ಕೈಗೆ ಸಿಕ್ಕ ಪುಡಿಯನ್ನೆಲ್ಲ ನಾಲಿಗೆ ತುದಿಗೆ ಇಟ್ಟು ನೋಡುತ್ತಿದ್ದಳು. ಅತ್ತಿ ಚಕ್ಕೆ ನೆಕ್ಕಿ, ಬಾಯಿ ಹಿಂಡಿಕೊಂಡು, ಒಗರಾದದ್ದಕ್ಕೂ ರಕ್ತ ನಿಲ್ಲುವುದಕ್ಕೂ ಏನು ಸಂಬಂಧ ಎಂದು ಕೇಳಿದಳು. ಮಾರನೇ ದಿನ ಮೇಡಂ ಅವರನ್ನು ಕೇಳಿಕೊಂಡು ಬಂದೆ. ಒಗರು ಇರುವುದು ಚರ್ಮವನ್ನೂ ಸಣ್ಣ ರಕ್ತನಾಳಗಳನ್ನೂ ಬಿಗಿ ಮಾಡುತ್ತದೆ, ನಾಲಿಗೆ ಹಿಂಡಿದಂತಾಗುವುದೂ ಅದಕ್ಕೇ ಎಂದರು. ರುದ್ರಮ್ಮ ಅದನ್ನು ಕೇಳಿ, "ಹಂಗಂದ್ರೆ ಬಾಳೆಕಾಯಿ ಸಿಪ್ಪೇನೂ ಆಗಬೇಕಲ್ಲ?" ಎಂದಳು. ಮತ್ತೆ ಹೋಗಿ ಕೇಳಬೇಕಾಯಿತು. ನನ್ನ ಅರ್ಧ ವಿದ್ಯೆ ಹೀಗೆ ಅವಳ ಪ್ರಶ್ನೆ ಹೊತ್ತುಕೊಂಡು ಓಡಾಡಿ ಬಂದದ್ದು.

ಅಲ್ಲಿಯ ಒಂದು ಪ್ರಕರಣ ಹೇಳುತ್ತೇನೆ. ಶೇಂಗಾ ಕೀಳಲು ಬಂದ ಹೆಂಗಸೊಬ್ಬಳಿಗೆ ಜಾಲಿ ಮುಳ್ಳು ಚುಚ್ಚಿ ಪಾದದಲ್ಲಿ ಗಾಯವಾಗಿತ್ತು. ಅತ್ತಿ, ಆಲ, ಅರಳಿ, ಬಸರಿ ಚಕ್ಕೆಗಳನ್ನು ಸೇರಿಸಿ ಕುದಿಸಿದ ಕಷಾಯದಿಂದ ದಿನಾ ತೊಳೆಯುತ್ತಿದ್ದೆವು. ವಾಸನೆ ಹೋಯಿತು, ಕೀವು ಕಡಿಮೆಯಾಯಿತು, ಕೆಂಪು ಮಾಂಸ ಕಾಣಿಸಿತು. ಎಲ್ಲರಿಗೂ ಖುಷಿ. ಒಂದು ಬೆಳಗ್ಗೆ ನೋಡಿದರೆ ಪಾದದ ಮೇಲಿನಿಂದ ಮೀನಖಂಡದ ಕಡೆಗೆ ಕೆಂಪಗೆ ಗೆರೆ ಏರಿತ್ತು, ಮೈ ಸುಡುತ್ತಿತ್ತು. ಮೇಡಂ ಅವತ್ತೇ ಹಿರಿಯೂರಿಗೆ ಕರೆದುಕೊಂಡು ಹೋಗಿ ಎಂದರು. ಗಂಡ ಒಪ್ಪಲಿಲ್ಲ. ಚಕ್ಕೆ ನೀರಿಗೆ ವಾಸಿ ಆಗ್ತಿರೋವಾಗ ಬಸ್ ಹತ್ತಿ ಸೂಜಿ ಚುಚ್ಚಿಸಿಕೊಂಡು ಬರೋದು ಯಾಕೆ ಎಂದು ವಾದಿಸಿದ. ಮೇಡಂ ಹೇಳಿದ್ದು ಇಷ್ಟು: "ಈ ನೀರು ಮೇಲಿಂದ ತೊಳೆಯುತ್ತೆ ಕಣಪ್ಪ. ಒಳಗೆ ಹೊಕ್ಕಿದ್ದರ ಹಿಂದೆ ಓಡಿ ಹೋಗಿ ಹಿಡಿಯಕ್ಕೆ ಬರಲ್ಲ." ಅವನು ಹೆಂಡತಿಯನ್ನು ಕರೆದುಕೊಂಡು ಬಸ್ ಹತ್ತಿದ. ಕಾಲು ಉಳಿಯಿತು. ಚಕ್ಕೆಯಿಂದ ಉಳಿಯಿತೆಂದು ಅವನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದು ಬೇರೆ ಮಾತು.

ಹೊಳಲ್ಕೆರೆಗೆ ವರ್ಗವಾದ ಮೇಲೆ ಅತ್ತಿಯ ತಮ್ಮನಂಥ ಅಂಜೂರದ ಕಾಟ ಶುರುವಾಯಿತು. ಎರಡೂ ಒಂದೇ ಕುಲದ ಮರ, ಗುಣ ಮಾತ್ರ ಬೇರೆ. ಅಲ್ಲಿ ಮದುವೆ ಗೊತ್ತಾಗಿದ್ದ ಹುಡುಗನೊಬ್ಬನ ಕೆನ್ನೆ ಮೇಲೆ ನರಹುಲಿ ಇತ್ತು. ಅಂಜೂರದ ಎಲೆ ತೊಟ್ಟು ಮುರಿದರೆ ಬರುವ ಹಾಲು ಹಚ್ಚಿದರೆ ಉದುರುತ್ತದೆ ಎಂದು ಕ್ಷೌರದ ಅಂಗಡಿಯಲ್ಲಿ ಯಾರೋ ಹೇಳಿದ್ದರು. ಸುಳ್ಳಲ್ಲ, ಆ ಹಾಲಿಗೆ ನರಹುಲಿಯನ್ನು ತಿನ್ನುವ ಗುಣ ಇದೆ. ಹುಡುಗ ಕೆನ್ನೆಗೆಲ್ಲ ಹಚ್ಚಿಕೊಂಡು, ಲಗ್ನಪತ್ರಿಕೆ ಹಂಚಲು ಬೈಕ್ ಹತ್ತಿ ಇಡೀ ದಿನ ಬಿಸಿಲಲ್ಲಿ ಸುತ್ತಿದ. ಅಂಜೂರದ ಹಾಲು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಮರುದಿನ ಅವನ ತಾಯಿ ಅವನನ್ನು ಕಿಟಕಿಗೆ ಎಳೆದುಕೊಂಡು ಬಂದು, "ನೋಡ್ರಿ ಕಾಂಪೌಂಡ್ರೇ, ಹೆಣ್ಣಿನ ಕಡೆಯವರು ನರೂಲಿ ನೋಡೇ ಒಪ್ಪಿದ್ರು. ಈಗ ಮುಖ ಎಲ್ಲೈತೆ ಅಂತ ಕೇಳಿದ್ರೆ ನಾನೇನ್ ತೋರ್ಸ್ಲಿ?" ಎಂದಳು. ಮದುವೆಯ ಫೋಟೋದಲ್ಲಿ ಹುಡುಗ ಒಂದೇ ಕೆನ್ನೆ ತೋರಿಸಿ ನಿಂತಿದ್ದಾನಂತೆ. ನರಹುಲಿ ಅವನ ಮೊದಲ ಮಗುವಿನ ನಾಮಕರಣದವರೆಗೂ ಅಲ್ಲೇ ಇತ್ತು.

ಅಲ್ಲೇ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಮಲಬದ್ಧತೆ ಇತ್ತು. ಒಣ ಅಂಜೂರವನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ತಿನ್ನಿ ಎಂದು ಯಾರು ಬೇಕಾದರೂ ಹೇಳುತ್ತಾರೆ. ಅದರ ನಾರು ಹೊಟ್ಟೆಯನ್ನು ಸಡಿಲ ಮಾಡುತ್ತದೆ, ನಿಜ. ಆದರೆ ಒಣಗಿದ ಹಣ್ಣಿನಲ್ಲಿ ಸಕ್ಕರೆ ಗಟ್ಟಿಯಾಗಿ ನಿಂತಿರುತ್ತದೆ. ಅವರಿಗೆ ಸಕ್ಕರೆ ಕಾಯಿಲೆ. ಒಂದೆರಡು ತಿನ್ನಬೇಕಾದವರು, ಔಷಧ ತಾನೆ ಎಂದು ಬಟ್ಟಲು ತುಂಬ ತಿಂದರು. ಸಿಹಿ ಬಿಟ್ಟು ಬಹಳ ಕಾಲವಾಗಿದ್ದ ಮನುಷ್ಯನಿಗೆ ಔಷಧದ ಹೆಸರಲ್ಲಿ ಸಿಹಿ ಸಿಕ್ಕಿತ್ತು. ತಲೆ ಸುತ್ತಿ ಬಿದ್ದು ಬಂದಾಗ ಅವರ ಹೆಂಡತಿ ನನ್ನನ್ನು ತರಾಟೆಗೆ ತಗೊಂಡರು. ಹೇಳಿದವನು ನಾನಲ್ಲ ಎಂದರೂ ಬಿಡಲಿಲ್ಲ. ನಾನಲ್ಲದಿದ್ದರೆ ನನ್ನಂಥವನು ಇನ್ನೊಬ್ಬ ಎಂದರು. ಅದೂ ನ್ಯಾಯವೇ.

ಈಗ ಆ ಕಿಟಕಿಯ ಕೆಲಸ ಬದಲಾಗಿದೆ. ನಾನು ಸೇರಿದಾಗ ಜನ ಕಷಾಯಕ್ಕೆ ಮನೆಯಿಂದ ಬಾಟಲಿ ತರುತ್ತಿದ್ದರು, ಎಣ್ಣೆಯದು, ಸೇಂದಿಯದು, ಯಾವುದೋ ಒಂದು. ತೊಳೆದು ಕೊಡುವುದೂ ನಮ್ಮದೇ ಕೆಲಸ. ಆಮೇಲೆ ಪುಡಿ ಪೊಟ್ಟಣಗಳು ಬಂದವು, ಆಮೇಲೆ ಮಾತ್ರೆಯ ಹಾಳೆಗಳು. ಕೊನೆಯ ವರ್ಷಗಳಲ್ಲಿ ಜನ ಫೋನ್ ಹಿಡಿದುಕೊಂಡೇ ಬರುತ್ತಿದ್ದರು. ಅದರಲ್ಲಿ ಅತ್ತಿ ಮತ್ತು ಅಂಜೂರದ ಗುಣಗಾನ: ಸಕ್ಕರೆಗೆ, ಹೃದಯಕ್ಕೆ, ಮೂಳೆಗೆ, ಕೂದಲಿಗೆ, ಬಂಜೆತನಕ್ಕೆ, ಕ್ಯಾನ್ಸರಿಗೆ. ಶಾರದಾ ಮೇಡಂ ಇದ್ದಿದ್ದರೆ ಫೋನನ್ನೇ ಮೇಜಿನ ಮೇಲೆ ತಳ್ಳಿ ಎದ್ದು ಹೋಗುತ್ತಿದ್ದರು.

ಹೊಸದುರ್ಗದಲ್ಲಿ ನಿವೃತ್ತನಾಗಿ ಅಲ್ಲೇ ನೆಲೆ ನಿಂತೆವು. ಮನೆಯಿಂದ ಸ್ವಲ್ಪ ದೂರದಲ್ಲಿ, ತೆಂಗಿನ ತೋಟವೊಂದರ ಬೇಲಿ ಮೂಲೆಯಲ್ಲಿ ಒಂದು ಅತ್ತಿ ಮರ ಇದೆ. ತೋಟದವರು ಪರಿಚಯದವರು. ಕೆಲಸ ಬಿಟ್ಟ ಮೇಲೂ ಬಾಯಿ ಹುಣ್ಣು, ಮಕ್ಕಳ ಭೇದಿ ಎಂದು ಯಾರಾದರೂ ಬಂದರೆ ಹಿಂದಿನ ಸಂಜೆ ಹೋಗಿ ಮರಕ್ಕೆ ಹೇಳಿ ಬರುತ್ತಿದ್ದೆ. ರೂಢಿಯಾಗಿಬಿಟ್ಟಿತ್ತು. ಬಂದ ಕೂಡಲೇ ರುದ್ರಮ್ಮ, ಯಾರಿಗೆ, ಏನು ಎಂದು ಕೇಳುತ್ತಿದ್ದಳು. ಊರಿನವರ ಆರೋಗ್ಯದ ಸುದ್ದಿಯೆಲ್ಲ ಅವಳಿಗೆ ಮರದ ಕಡೆಯಿಂದಲೇ ಬರುತ್ತಿತ್ತು.

ಅವಳಿಗೆ ಅನ್ನ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗತೊಡಗಿತು. ಮೊದಲು ರೊಟ್ಟಿ, ಆಮೇಲೆ ಮುದ್ದೆ, ಆಮೇಲೆ ಗಂಜಿ. ದಾವಣಗೆರೆಯ ಆಸ್ಪತ್ರೆಯಲ್ಲಿ ಕ್ಯಾಮೆರಾ ಬಿಟ್ಟು ನೋಡಿ, ಅನ್ನನಾಳದಲ್ಲಿ ಗಡ್ಡೆ, ಕ್ಯಾನ್ಸರ್, ಬೇರೆ ಕಡೆಗೂ ಹರಡಿದೆ ಎಂದರು. ಅಲ್ಲಿಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು. ನನ್ನನ್ನು ಮಾತ್ರ ಒಳಗೆ ಕರೆದು ಬಿಡಿಸಿ ಹೇಳಿದಳು. ಪೂರ್ತಿ ಗುಣವಾಗುವುದಿಲ್ಲ. ಕರೆಂಟು ಕೊಟ್ಟರೆ ಗಡ್ಡೆ ಕುಗ್ಗುತ್ತದೆ, ಸ್ವಲ್ಪ ಕಾಲ ನುಂಗಲು ಆಗುತ್ತದೆ, ನೋವೂ ತಗ್ಗುತ್ತದೆ. ನಮ್ಮ ಕಡೆ ಆ ವಿಕಿರಣದ ಚಿಕಿತ್ಸೆಗೆ ಕರೆಂಟು ಕೊಡುವುದು ಎನ್ನುತ್ತಾರೆ. ಜೊತೆಗೆ ಒಂದು ಸೂಜಿಯ ಔಷಧ. ಅದರಿಂದ ಬಾಯೆಲ್ಲ ಹುಣ್ಣಾಗಬಹುದು ಎಂದೂ ಹೇಳಿದಳು. ರುದ್ರಮ್ಮನಿಗೆ ಗಡ್ಡೆ ಎಂದು ಮಾತ್ರ ಗೊತ್ತಿತ್ತು. ಅವಳು ಹೆಚ್ಚು ಕೇಳಲಿಲ್ಲ. ಬಾಳೆಕಾಯಿ ಸಿಪ್ಪೆಯ ಬಗ್ಗೆ ಎರಡು ಸಲ ನನ್ನನ್ನು ಓಡಾಡಿಸಿದವಳು ತನ್ನ ಗಡ್ಡೆಯ ಬಗ್ಗೆ ಕೇಳದೆ ಇದ್ದಾಗ ನನಗೆ ಭಯವಾಯಿತು.

ಚಿಕಿತ್ಸೆ ನಡುವಿಗೆ ಬಂದಾಗ ಬಾಯಿ ಹುಣ್ಣಾಯಿತು. ನೀರು ಕುಡಿದರೂ ಉರಿ. ಆ ಹೊತ್ತಿಗೆ ಅವಳ ತಮ್ಮ ತಿಪ್ಪೇಶ ಧರ್ಮಪುರದ ಕಡೆಯಿಂದ ಬಂದ, ಕೈಯಲ್ಲಿ ಸ್ಟೀಲ್ ಕ್ಯಾನು. ಅತ್ತಿ ಬೇರಿನ ನೀರು. ಸಣ್ಣ ಬೇರೊಂದನ್ನು ಅಗೆದು, ತುದಿ ಕತ್ತರಿಸಿ, ಅದರ ಬಾಯಿಗೆ ಮಡಕೆ ಕಟ್ಟಿ ಬಿಟ್ಟರೆ ಬೆಳಗಾಗುವ ಹೊತ್ತಿಗೆ ತೊಟ್ಟು ತೊಟ್ಟಾಗಿ ತುಂಬಿರುತ್ತದೆ. ಮೈ ಉರಿಗೆ, ಬಾಯಾರಿಕೆಗೆ ತಂಪು ಎಂದು ಹಿಂದಿನಿಂದ ಕುಡಿಯುತ್ತಾರೆ. ತಿಪ್ಪೇಶನಿಗೆ ಯಾರೋ ಬೇರೆ ಹೇಳಿದ್ದರು.

"ಭಾವ, ಒಂದು ಮಂಡಲ ಇದನ್ನೇ ಕುಡಿಸಾಣ. ಗಡ್ಡೆ ಕರಗಿ ಹೋಗ್ತೈತಂತೆ. ಕರೆಂಟು ಕೊಡ್ಸಾದು ನಿಲ್ಸ್ರಿ, ಎರಡೂ ಒಟ್ಟಿಗೆ ಹಿಡಿಯಲ್ವಂತೆ. ಅಕ್ಕನ ಬಾಯಿ ನೋಡ್ರಿ, ಸುಟ್ಟು ಹಾಕವ್ರೆ."

ರುದ್ರಮ್ಮ ಅಲ್ಲೇ ಮಂಚದ ಮೇಲೆ ಕೂತಿದ್ದಳು. ಇಬ್ಬರನ್ನೂ ನೋಡಿದಳು. ಚಿಕಿತ್ಸೆ ನಿಲ್ಲಿಸಿದರೆ ಗಂಟಲ ದಾರಿ ಪೂರಾ ಮುಚ್ಚುತ್ತದೆ, ಆಮೇಲೆ ನೀರೂ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ವಾಸಿಯಾಗುತ್ತದೆ ಎಂದು ಅವಳು ನಂಬಿದ್ದನ್ನು ಕಿತ್ತುಕೊಂಡರೆ, ನುಂಗಲು ದಾರಿ ಇದ್ದರೂ ಊಟ ಮಾಡಲಾರಳೇನೋ ಎಂಬ ಅಂಜಿಕೆಯೂ ಇತ್ತು. ನಾಳೆ ಮಾತಾಡೋಣ ಎಂದು ಹೇಳಿ, ಅರಿಶಿನ ಕುಂಕುಮದ ಪೊಟ್ಟಣ ತಗೊಂಡು ಮರದ ಕಡೆ ಹೊರಟೆ. ಹುಣ್ಣಿಗೆ ಚಕ್ಕೆ ಕಷಾಯ ಮುಕ್ಕಳಿಸಬಹುದೇ ಎಂದು ಆಸ್ಪತ್ರೆಯ ಡಾಕ್ಟರಿಗೆ ಅವತ್ತು ಮಧ್ಯಾಹ್ನವೇ ಫೋನ್ ಮಾಡಿ ಕೇಳಿದ್ದೆ. ಚೆನ್ನಾಗಿ ಕುದಿಸಿ, ಸೋಸಿ, ಉಗುರುಬೆಚ್ಚಗೆ ಮಾಡಿ ಮುಕ್ಕಳಿಸಿ ಉಗಿಯಲಿ, ನುಂಗುವುದು ಬೇಡ ಎಂದಿದ್ದಳು.

ಮರದ ಬುಡಕ್ಕೆ ಅರಿಶಿನ ಕುಂಕುಮ ಇಟ್ಟೆ. ಬೇರೆಯವರ ಹೆಸರು ಎಷ್ಟೋ ಸಲ ಹೇಳಿದ್ದೇನೆ. ಇವಳ ಹೆಸರು ಹೇಳಿ, ಮುಂದಿನದು ಏನು ಹೇಳಬೇಕು ಎಂದು ಸುಮಾರು ಹೊತ್ತು ನಿಂತಿದ್ದೆ. ಗಡ್ಡೆಗೂ ಎಂದು ಕೇಳಿಬಿಡೋಣ ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ.

ಬೆಳಗ್ಗೆ ಚಕ್ಕೆ ತಂದು ಕಷಾಯ ಮಾಡಿದೆ. ಲೋಟ ಕೈಗೆ ಕೊಟ್ಟಾಗ ಅವಳು ಬಾಯಿಗೆ ಹಾಕಿಕೊಳ್ಳಲಿಲ್ಲ. ತಿಪ್ಪೇಶ ಬಾಗಿಲ ಹತ್ತಿರ ಕೂತಿದ್ದ.

"ನೆನ್ನೆ ಮರಕ್ಕೆ ಏನಂತ ಹೇಳಿ ಬಂದ್ರಿ?" ಎಂದಳು ರುದ್ರಮ್ಮ.

ಬೇರೆಯವರಾದರೆ ವಾಸಿ ಆಗುತ್ತಾ ಎಂದು ಕೇಳುತ್ತಿದ್ದರು. ನಾನು ಮರಕ್ಕೆ ಒಂದು ಹೇಳಿ ಮನೆಯಲ್ಲಿ ಇನ್ನೊಂದು ಹೇಳುವವನಲ್ಲ ಎಂದು ಅವಳಿಗೆ ಗೊತ್ತು.

"ಬಾಯಿ ಹುಣ್ಣಿಗೆ ಅಂತ."

"ಗಡ್ಡೆಗೆ ಅನ್ನಲಿಲ್ವಾ?"

"ಇಲ್ಲ."

"ಯಾಕೆ?"

"ಅದು ಅದರ ಕೈಲಿ ಆಗಲ್ಲ."

"ಕರೆಂಟಿನ ಕೈಲಿ?"

"ಪೂರಾ ಆಗಲ್ಲ. ನುಂಗಾಕೆ ದಾರಿ ಬಿಡ್ತದೆ. ನೋವು ಕಡಿಮೆ ಮಾಡ್ತದೆ. ಅಷ್ಟೇ."

ಅವಳು ಕಷಾಯವನ್ನು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದಳು. ಎದ್ದು ಹೋಗಿ ಬಚ್ಚಲಲ್ಲಿ ಉಗಿದು ಬಂದಳು. ಮುಖ ಒರೆಸಿಕೊಂಡಳು. ನಾನು ಅವಳ ಮುಖ ನೋಡಲಾರದೆ ಲೋಟ ನೋಡುತ್ತಿದ್ದೆ. ತಿಪ್ಪೇಶ ಎದ್ದು ನಿಂತು, "ಭಾವ, ಒಂದು ಮಾತು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?" ಎಂದ.

"ಸುಮ್ನಿರಲೇ ತಿಪ್ಪೇಶ," ಎಂದಳು ರುದ್ರಮ್ಮ. "ನಿನ್ನ ನೀರು ತಂಪೈತೆ, ಕುಡಿಯಬೌದಾ ಅಂತ ಆ ಡಾಕ್ಟರಮ್ಮನ್ನ ಕೇಳಿ ಕುಡೀತೀನಿ. ಕರೆಂಟಿಗೂ ಹೋಗ್ತೀನಿ. ನಂಗೆ ಇನ್ನೊಂದು ಸಲ ಮುದ್ದೆ ನುಂಗಬೇಕು."

ಅವಳು ಚಿಕಿತ್ಸೆ ಮುಗಿಸಿದಳು. ಬೇರಿನ ನೀರನ್ನು ಕುದಿಸಿ ಆರಿಸಿ ಸ್ವಲ್ಪ ಸ್ವಲ್ಪ ಕುಡಿದಳು. ಬಾಯಿ ಹುಣ್ಣು ಮಾಯಿತು. ಚಕ್ಕೆಯಿಂದ ಎಷ್ಟು, ಸೂಜಿ ಮುಗಿದದ್ದರಿಂದ ಎಷ್ಟು ಎಂದು ನಾನು ಹೇಳಲಾರೆ. ಮುಕ್ಕಳಿಸಿದ ಮೇಲೆ ಸ್ವಲ್ಪ ಹೊತ್ತು ಉರಿ ಇರುತ್ತಿರಲಿಲ್ಲ ಎಂದು ಅವಳು ಹೇಳುತ್ತಿದ್ದದ್ದು ನಿಜ. ಮುದ್ದೆಯನ್ನು ಮೆತ್ತಗೆ ತೊಳಸಿ, ನಿಂಬೆಹಣ್ಣಿಗಿಂತ ಚಿಕ್ಕದಾಗಿ ಮುರಿದು, ಖಾರವಿಲ್ಲದ ಬಸ್ಸಾರಿನಲ್ಲಿ ಅದ್ದಿ ನುಂಗಿದಳು. ಇಳಿಯಿತು. ಇಳಿದ ಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡು, ಎಲ್ಲಿಯವರೆಗೂ ಹೋಯಿತು ಎಂದು ಬೆರಳಿಂದ ತೋರಿಸಿದಳು.

ಆಮೇಲೆ ಅವಳ ಪ್ರಶ್ನೆಗಳು ವಾಪಸ್ಸು ಬಂದವು. ಗಡ್ಡೆ ಯಾಕೆ ಬರುತ್ತದೆ, ಕರೆಂಟು ಗಡ್ಡೆಯನ್ನೇ ಹೆಂಗೆ ಗುರುತು ಹಿಡಿಯುತ್ತದೆ ಎಂದು ಡಾಕ್ಟರನ್ನೇ ಕೇಳುತ್ತಿದ್ದಳು. ಮಗಳನ್ನು ಚಿತ್ರದುರ್ಗದಿಂದ ಕರೆಸಿಕೊಂಡು, ಸೀರೆಗಳು ಯಾರಿಗೆ ಎಂದು ನೋವಿಲ್ಲದ ಹೊತ್ತಿನಲ್ಲಿ ಕೂತು ಹೇಳಿದಳು. ಒಂದು ದಿನ, ಅತ್ತಿ ಹಣ್ಣಿನ ಒಳಗೆ ಇರುವ ಹುಳ ಒಳಗೆ ಹೋಗುವುದು ಎಲ್ಲಿಂದ ಎಂದು ಕೇಳಿದಳು. ಕಾಯಿ ಎಳೆಯದಾಗಿದ್ದಾಗ ತುದಿಯ ಸಣ್ಣ ಬಾಯಿಯಿಂದ ನುಸುಳುತ್ತದೆ, ಹೂವು ಇರುವುದು ಒಳಗೇ, ಮೊಟ್ಟೆ ಇಡುವುದು ಅಲ್ಲೇ, ಮರಿಗಳು ರೆಕ್ಕೆ ಬಂದ ಮೇಲೆ ಹೊರಗೆ ಬರುತ್ತವೆ ಎಂದೆ. ನೀವು ನೋಡಿದ್ದೀರಾ ಎಂದಳು. ಇಲ್ಲ, ಓದಿದ್ದು.

"ಇಷ್ಟು ವರ್ಷ ಆ ಮರದ ಕೆಳಗೆ ನಿಂತು ಬಂದೋರು. ಒಂದು ಹಣ್ಣು ತಂದುಕೊಡ್ರಿ, ಒಡೆಯದ್ದು."

ಬಣ್ಣ ತಿರುಗುತ್ತಿದ್ದ ಒಂದನ್ನು ತಂದೆ. ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ತಲೆದಿಂಬಿನ ಪಕ್ಕ ಇಟ್ಟುಕೊಂಡಳು. ಮಾರನೇ ಬೆಳಗ್ಗೆ ನನ್ನನ್ನು ಕರೆದಳು. ಹಣ್ಣಿನ ತುದಿಯಲ್ಲಿ ಸೂಜಿ ಚುಚ್ಚಿದಂಥ ತೂತು. ಅದರಿಂದ ಎಳ್ಳಿಗಿಂತ ಸಣ್ಣ ಕಪ್ಪು ಹುಳಗಳು ಒಂದೊಂದಾಗಿ ಬಂದು, ಗಾಜಿನ ಮೇಲೆ ಕೂತು ರೆಕ್ಕೆ ಬಿಡಿಸಿಕೊಳ್ಳುತ್ತಿದ್ದವು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ನೋಡಿದೆವು. ಗಂಜಿ ಆರಿ ಹೋಯಿತು.

ಇಲ್ಲೇ ಬಿಟ್ಟರೆ ಅವಕ್ಕೆ ಇನ್ನೊಂದು ಮರ ಸಿಗುವುದಿಲ್ಲ, ತೋಟದ ಹತ್ತಿರ ಬಿಟ್ಟು ಬರ್ರಿ ಎಂದಳು. ಬಾಟಲಿ ಹಿಡಿದುಕೊಂಡು ಹೋಗಿ, ಬಟ್ಟೆ ಬಿಚ್ಚಿ, ಮರದ ಕೆಳಗೆ ಇಟ್ಟು, ಖಾಲಿಯಾದ ಮೇಲೆ ವಾಪಸ್ಸು ತಂದೆ. ಅವಳು ದಿಂಬಿಗೆ ಒರಗಿ ಕಾಯುತ್ತಿದ್ದಳು.

"ಹೋದವಾ?"

"ಹೋದವು."

"ಆ ಮರಕ್ಕೇ ಹೋದವಾ, ಬೇರೆ ಕಡೆಗಾ?"

ನಾನು ಅದನ್ನು ನೋಡಿರಲಿಲ್ಲ. ತೋಟದವರು ಸಿಕ್ಕಿದ್ದರು, ಮಾತಾಡುತ್ತಾ ನಿಂತಿದ್ದೆ. ಹಾಗೆಂದು ಹೇಳಿದೆ. ಅವಳು ಖಾಲಿ ಬಾಟಲಿಯನ್ನು ನನ್ನ ಕೈಯಿಂದ ತಗೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮತ್ತೆ ನನ್ನ ಕೈಗೇ ಕೊಟ್ಟಳು.

"ನಾಳೆ ಇನ್ನೊಂದು ಹಣ್ಣು ತರ್ರಿ," ಎಂದಳು. "ಬಿಡಾಕೆ ನಾನೇ ಬರ್ತೀನಿ."

ಬಂದಳು. ತಿಪ್ಪೇಶ ಬೈಕಿನ ಹಿಂದೆ ಕೂರಿಸಿಕೊಂಡು, ನಡೆಯುವಷ್ಟೇ ನಿಧಾನವಾಗಿ ಓಡಿಸಿದ. ನಾನು ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. ಆ ಮರದ ಮೇಲೆ ಅವು ಕೂರಲಿಲ್ಲ. ಎದ್ದು, ತೆಂಗಿನ ಗರಿಗಳನ್ನು ದಾಟಿ, ಗಾಳಿ ಬೀಸಿದ ಕಡೆಗೆ ಹೋದವು. ರುದ್ರಮ್ಮ ಹಣೆಗೆ ಕೈ ಅಡ್ಡ ಹಿಡಿದು, ಕಾಣುವವರೆಗೂ ನೋಡಿದಳು.